ಹದಿನಾರು ಜನರ ಸಂಸತ್ತು

2024ರ ಜನವರಿ 26ರಂದು ತುವಾಲು ದೇಶದಲ್ಲಿ ಮತದಾನ ನಡೆಯಿತು. ಸಂಸತ್ತಿಗೆ ಗೆದ್ದುಬಂದವರು ಹದಿನಾರೇ ಜನ. ಆದರೂ ಹೊಸ ಪ್ರಧಾನಿ ಯಾರೆಂದು ತೀರ್ಮಾನವಾಗಲು ಒಂದು ತಿಂಗಳು ಹಿಡಿಯಿತು. ತಡವಾಗಲು ಕಡಲೂ ಒಂದು ಕಾರಣ. ಹೊರ ದ್ವೀಪಗಳ ಸದಸ್ಯರು ರಾಜಧಾನಿ ಫುನಾಫುಟಿಗೆ ಬರಲು ಹಡಗೇ ಗತಿ. ಹವಾಮಾನ ಕೆಟ್ಟು ಹಡಗು ತಡವಾಯಿತು. ಕೊನೆಗೆ ಎಲ್ಲರೂ ಬಂದು ಸೇರಿದಾಗ ಪ್ರಧಾನಿ ಸ್ಥಾನಕ್ಕೆ ಸಲ್ಲಿಕೆಯಾದದ್ದು ಒಂದೇ ನಾಮಪತ್ರ. ಹಿಂದೆ ಅಟಾರ್ನಿ ಜನರಲ್ ಆಗಿದ್ದ ಫೆಲೆಟಿ ಟಿಯೊ ಅವಿರೋಧವಾಗಿ ಆಯ್ಕೆಯಾದರು.

ಹವಾಯಿಗೂ ಆಸ್ಟ್ರೇಲಿಯಾಕ್ಕೂ ನಡುವೆ, ಪೆಸಿಫಿಕ್ ಸಾಗರದಲ್ಲಿ ಚದುರಿದ ಒಂಬತ್ತು ದ್ವೀಪಗಳು ತುವಾಲು. ಎಲ್ಲ ಸೇರಿ ನೆಲ 26 ಚದರ ಕಿಲೋಮೀಟರ್, ಜನ ಹತ್ತು ಸಾವಿರದ ಚಿಲ್ಲರೆ. ಬ್ರಿಟಿಷರು ಇದನ್ನು ಪಕ್ಕದ ಗಿಲ್ಬರ್ಟ್ ದ್ವೀಪಗಳೊಂದಿಗೆ ಸೇರಿಸಿ ಆಳುತ್ತಿದ್ದರು. 1974ರ ಜನಮತಗಣನೆಯಲ್ಲಿ ಇಲ್ಲಿನವರು ಬೇರೆಯಾಗಲು ಮತ ಹಾಕಿದರು; 1978ರ ಅಕ್ಟೋಬರ್ 1ರಂದು ಸ್ವತಂತ್ರರಾದರು. ಸ್ವತಂತ್ರರಾದರೂ ಬ್ರಿಟನ್ನಿನ ದೊರೆಯನ್ನು ಬಿಡಲಿಲ್ಲ. ಗಣರಾಜ್ಯವಾಗೋಣವೇ ಎಂದು 2008ರಲ್ಲಿ ಕೇಳಿದಾಗಲೂ ಬಹುಮತದವರು ಬೇಡವೆಂದೇ ಹೇಳಿದರು. ಹಾಗಾಗಿ ಮೂರನೇ ಚಾರ್ಲ್ಸ್ ಇಂದಿಗೂ ಅಲ್ಲಿನ ರಾಷ್ಟ್ರದ ಮುಖ್ಯಸ್ಥ. ಅವರ ಪರವಾಗಿ ತುವಾಲುವಿನವರೇ ಒಬ್ಬರು ಗವರ್ನರ್ ಜನರಲ್ ಆಗಿರುತ್ತಾರೆ.

ಸಂಸತ್ತಿಗೆ ಎಂಟು ಕ್ಷೇತ್ರಗಳು, ಒಂದೊಂದಕ್ಕೆ ಇಬ್ಬರು ಸದಸ್ಯರು, ಅವಧಿ ನಾಲ್ಕು ವರ್ಷ. ಒಂಬತ್ತನೆಯ ದ್ವೀಪ ನಿಯುಲಾಕಿಟಾ ತೀರಾ ಚಿಕ್ಕದು, ಅದು ನಿಯುಟಾವೊ ಕ್ಷೇತ್ರಕ್ಕೆ ಸೇರಿದೆ. ದೇಶದ ಅರ್ಧಕ್ಕಿಂತ ಹೆಚ್ಚು ಜನ ವಾಸವಿರುವ ಫುನಾಫುಟಿಗೂ ಎರಡೇ ಸ್ಥಾನ, ಕೆಲವು ನೂರು ಜನರ ನುಕುಲೇಲೇಗೂ ಎರಡು ಸ್ಥಾನ. ಇಲ್ಲಿ ಪ್ರಾತಿನಿಧ್ಯ ಜನಸಂಖ್ಯೆಗಲ್ಲ, ದ್ವೀಪಕ್ಕೆ. ರಾಜಕೀಯ ಪಕ್ಷಗಳು ಇಲ್ಲವೇ ಇಲ್ಲ. ಪಕ್ಷವೇ ಇಲ್ಲದ ಮೇಲೆ ಪಕ್ಷಾಂತರದ ಮಾತೆಲ್ಲಿ? ಸದಸ್ಯರು ತಮ್ಮೊಳಗೇ ಗುಂಪು ಕಟ್ಟಿ ಪ್ರಧಾನಿಯನ್ನು ಆರಿಸುತ್ತಾರೆ, ಮನಸ್ಸು ಬದಲಾದರೆ ಇಳಿಸುತ್ತಾರೆ. ರೆಸಾರ್ಟ್ ರಾಜಕೀಯ ಕಂಡ ನಮಗೆ ಇದು ಹಿತವಾಗಿ ಕೇಳಿಸಬಹುದು. ಆದರೆ ಇಷ್ಟು ಸಣ್ಣ ಸದನದಲ್ಲಿ ಒಬ್ಬ ಅತ್ತಿತ್ತ ಸರಿದರೂ ಸರ್ಕಾರ ಉರುಳುತ್ತದೆ. 1993ರಲ್ಲಿ, ಸದಸ್ಯರು ಹನ್ನೆರಡೇ ಇದ್ದ ಕಾಲ, ಪ್ರಧಾನಿ ಆಯ್ಕೆಯಲ್ಲಿ ಎರಡು ಬಾರಿ ಆರು-ಆರು ಸಮಬಲವಾಯಿತು. ಆಗಿನ ಗವರ್ನರ್ ಜನರಲ್ ತೊಆರಿಪಿ ಲೌಟಿ, ಅವರೇ ದೇಶದ ಮೊದಲ ಪ್ರಧಾನಿಯೂ ಹೌದು, ಸಂಸತ್ತನ್ನು ವಿಸರ್ಜಿಸಿ ಜನರನ್ನು ಮತ್ತೆ ಮತಗಟ್ಟೆಗೆ ಕಳಿಸಬೇಕಾಯಿತು.

ಈ ಸರ್ಕಾರದ ಬೇರು ಇರುವುದು ಸಂಸತ್ತಿನಲ್ಲಲ್ಲ, ದ್ವೀಪಗಳ ಹಿರಿಯರ ಸಭೆಯಲ್ಲಿ. ಅದರ ಹೆಸರು ಫಲೆಕೌಪುಲೆ. ಆಯಾ ದ್ವೀಪದ ಸಂಪ್ರದಾಯದಂತೆ ಕೂಡುವ ಈ ಸಭೆಗೆ 1997ರ ಕಾಯ್ದೆ ಸ್ಥಳೀಯ ಆಡಳಿತದ ಅಧಿಕಾರ ಕೊಟ್ಟಿದೆ. ದಿನನಿತ್ಯದ ಕೆಲಸಕ್ಕೆ ಚುನಾಯಿತ ಕೌಪುಲೆ ಇದೆ. ನಮ್ಮ ಗ್ರಾಮ ಪಂಚಾಯಿತಿಯಂತೆ ಎನ್ನಿ. ಆದರೆ ಅದರ ಬಜೆಟ್ಟಿಗೆ ಹಿರಿಯರ ಸಭೆ ಒಪ್ಪಬೇಕು.

ಹಿರಿಯರ ಮಾತಿಗೂ ಸಂವಿಧಾನಕ್ಕೂ ಘರ್ಷಣೆಯಾದರೆ? ಅದೂ ಆಗಿದೆ. 2011ರ ಆರಂಭದಲ್ಲಿ ನುಕುಫೆಟಾವು ದ್ವೀಪದ ಹಿರಿಯರು, ಹಣಕಾಸು ಸಚಿವರಾಗಿದ್ದ ತಮ್ಮ ಸದಸ್ಯ ಲೊಟೊಆಲಾ ಮೆಟಿಯಾ ರಾಜೀನಾಮೆ ಕೊಡಲಿ ಎಂದು ಪಟ್ಟು ಹಿಡಿದರು. ಅವರು ಕೊಡಲಿಲ್ಲ. ಪ್ರತಿಭಟನೆಗೆ ಹೆದರಿ ಪ್ರಧಾನಿ ವಿಲ್ಲಿ ಟೆಲಾವಿ ರಾಜಧಾನಿಯಲ್ಲಿ ಸಭೆ ಸೇರುವುದನ್ನೇ ಎರಡು ವಾರ ನಿಷೇಧಿಸಿದರು. 2012ರ ಡಿಸೆಂಬರಿನಲ್ಲಿ ಮೆಟಿಯಾ ತೀರಿಕೊಂಡರು. ಉಪಚುನಾವಣೆಯನ್ನು ಸರ್ಕಾರ ಎಳೆದಾಡಿ, ನ್ಯಾಯಾಲಯ ಹೇಳಿದ ಮೇಲೆ ನಡೆಸಿತು. ಗೆದ್ದದ್ದು ವಿರೋಧಿ ಗುಂಪಿನವರು. ಹದಿನೈದು ಜನರ ಅಂದಿನ ಸದನದಲ್ಲಿ ಟೆಲಾವಿ ಅವರಿಗೆ ಬಹುಮತ ಹೋಯಿತು. ಸದನವನ್ನು ಎದುರಿಸಲು ಅವರು ಸಿದ್ಧರಿರಲಿಲ್ಲ. ಗವರ್ನರ್ ಜನರಲ್ ಇಯಾಕೋಬಾ ಇಟಲೆಲಿ 2013ರ ಆಗಸ್ಟ್ 1ರಂದು ಅವರನ್ನು ವಜಾ ಮಾಡಿದರು. ಮೂರೇ ದಿನದಲ್ಲಿ ಎನೆಲೆ ಸೊಪೊಆಗಾ ಪ್ರಧಾನಿಯಾಗಿ ಆಯ್ಕೆಯಾದರು. ಅಲಂಕಾರಕ್ಕೆ ಇಟ್ಟುಕೊಂಡಂತೆ ಕಾಣುವ ಹುದ್ದೆ ಕೆಲಸಕ್ಕೆ ಬಂದ ಗಳಿಗೆ ಅದು.

ಉಳಿದ ಏರ್ಪಾಡುಗಳಲ್ಲಿ ಹೊರಗಿನ ಆಸರೆ ಹೆಚ್ಚು. ಕೊನೆಯ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ. ಸೈನ್ಯವಿಲ್ಲ. ವ್ಯವಹಾರಕ್ಕೆ ಆಸ್ಟ್ರೇಲಿಯಾದ ಡಾಲರ್. ಖಜಾನೆಗೆ ಮುಖ್ಯವಾಗಿ ಹಣ ಬರುವುದು ಟ್ಯೂನಾ ಹಿಡಿಯುವ ವಿದೇಶಿ ಹಡಗುಗಳ ಪರವಾನಗಿಯಿಂದ, 1987ರಲ್ಲಿ ಸ್ಥಾಪಿಸಿದ ಟ್ರಸ್ಟ್ ನಿಧಿಯಿಂದ, ವಿದೇಶಿ ನೆರವಿನಿಂದ. ಅಂತರ್ಜಾಲದಲ್ಲಿ ತುವಾಲುವಿಗೆ ಹಂಚಿಕೆಯಾದ ‘ಡಾಟ್ ಟಿವಿ’ ವಿಳಾಸ ಟೆಲಿವಿಷನ್ ಕಂಪನಿಗಳಿಗೆ ಇಷ್ಟವಾದದ್ದು ಈ ದೇಶಕ್ಕೆ ಒಲಿದ ಲಾಟರಿ. ಅದರ ಗುತ್ತಿಗೆಯ ಹಣವೂ ಬೊಕ್ಕಸದ ಒಂದು ಪಾಲು.

ಸಮುದ್ರ ಏರುತ್ತಿರುವ ಸಂಗತಿಯನ್ನು ತುವಾಲು ಈಗ ಸಂವಿಧಾನದೊಳಕ್ಕೇ ತಂದಿದೆ. ಹವಾಮಾನ ಬದಲಾವಣೆಯಿಂದ ನೆಲ ಕಳೆದುಹೋದರೂ ರಾಷ್ಟ್ರದ ಅಸ್ತಿತ್ವ ಶಾಶ್ವತ ಎಂದು 2023ರ ಅಕ್ಟೋಬರ್ 1ರಂದು ಜಾರಿಯಾದ ಹೊಸ ಸಂವಿಧಾನ ಸಾರುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಸಹಿಯಾದ ಫಲೆಪಿಲಿ ಒಪ್ಪಂದದಲ್ಲಿ ಆಸ್ಟ್ರೇಲಿಯಾ ಇದನ್ನು ಮಾನ್ಯ ಮಾಡಿತು. ವರ್ಷಕ್ಕೆ 280 ಜನರಿಗೆ ತನ್ನಲ್ಲಿ ನೆಲೆಸಲು ಅವಕಾಶವನ್ನೂ ಕೊಟ್ಟಿತು. ಪ್ರತಿಯಾಗಿ, ಬೇರೆ ದೇಶದೊಂದಿಗೆ ಭದ್ರತಾ ಒಪ್ಪಂದ ಮಾಡಿಕೊಳ್ಳಲು ತುವಾಲು ಆಸ್ಟ್ರೇಲಿಯಾದ ಒಪ್ಪಿಗೆ ಪಡೆಯಬೇಕು. ಸಾರ್ವಭೌಮತ್ವಕ್ಕೆ ಇದು ದುಬಾರಿ ಬೆಲೆ ಎಂಬ ಆಕ್ಷೇಪ ಅಲ್ಲಿಯೇ ಎದ್ದಿತ್ತು, ಆಕ್ಷೇಪದಲ್ಲಿ ಹುರುಳೂ ಇದೆ.

ನನಗೆ ಕಾಣುವಂತೆ ಈ ಸರ್ಕಾರಕ್ಕೆ ನೀರಿಗಿಂತ ಮೊದಲು ಎದುರಾಗುವ ಪ್ರಶ್ನೆ ವಲಸೆಯದು. ದ್ವೀಪವೇ ಕ್ಷೇತ್ರ, ದ್ವೀಪದ ಹಿರಿಯರೇ ಆಡಳಿತ ಎಂಬ ವ್ಯವಸ್ಥೆ ನಡೆಯಬೇಕಾದರೆ ದ್ವೀಪದಲ್ಲಿ ಜನ ಇರಬೇಕು. ಆ 280 ವೀಸಾಗಳಿಗೆ 2025ರಲ್ಲಿ ಮೊದಲ ಬಾರಿ ಲಾಟರಿ ಎತ್ತಿದಾಗ, ಕುಟುಂಬದವರೂ ಸೇರಿ ಹೆಸರು ನೋಂದಾಯಿಸಿದವರು 8,750 ಮಂದಿ.