ಮಗು ಎಲ್ಲಿದೆಯೋ ಅಲ್ಲಿಂದಲೇ ಪಾಠ ಶುರುವಾಗಲಿ

ನಾರಾಯಣಖೇಡ್: 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ನಮ್ಮದು ಬೀದರ್ ಜಿಲ್ಲೆಯ ತಾಲ್ಲೂಕು. ಗಡಿ ಬದಲಾಯಿತು, ಮನೆಮಾತು ಉಳಿಯಿತು. ಪಾಲಕರೇ, ನಿಮ್ಮ ಮಗು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಉರ್ದು ಕೇಳಿ ಬೆಳೆಯುತ್ತದೆ. 2018ರ ಕಾಯ್ದೆಯಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಜೊತೆಗೆ ಇಂಗ್ಲಿಷ್. ಹೀಗೆ ಮೂರು ಲಿಪಿ ಹೊರುವ ಮಗುವಿಗೆ ಬೇಕಾದ ಪಾಠ ಬೆಂಗಳೂರಿನ ಮಗುವಿನ ಪಾಠದಂತೆಯೇ ಇದ್ದರೆ ಸಾಲದು.

ಕಲಿಯುವವರ ಅಗತ್ಯ ನೋಡಿ ಪಾಠ ಕಟ್ಟಿದ ಒಳ್ಳೆಯ ಉದಾಹರಣೆ ಕನ್ನಡದಲ್ಲೇ ಇದೆ: ‘ನಲಿ-ಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಇದನ್ನು ರೂಪಿಸಿದರು. ಯುನಿಸೆಫ್ ನೆರವಾಯಿತು. ತೆಲುಗು ನೆಲದ ಅನುಭವ ಕನ್ನಡಕ್ಕೆ ಒದಗಿತು.

ಅಲ್ಲಿ ‘ಅ, ಆ, ಇ, ಈ’ ಕ್ರಮವಿಲ್ಲ. ಮೊದಲಿಗೆ ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಮಗು ‘ಸರ’, ‘ಅರಸ’, ‘ಗರಗಸ’ ಓದುತ್ತದೆ. ಕಲಿಕೆಯನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದಿರುವುದರಿಂದ, ಸುಗ್ಗಿಯಲ್ಲಿ ಶಾಲೆ ತಪ್ಪಿಸಿದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು.

ನಮ್ಮ ಮಕ್ಕಳಿಗೆ ಬೇಕಾದದ್ದು

ಮೊದಲನೆಯದು, ಮನೆಮಾತಿನಿಂದ ಪುಸ್ತಕದ ಮಾತಿಗೆ ದಾರಿ. ‘ಹ್ಯಾಂಗ’ ಎನ್ನುವ ಮಗುವಿಗೆ ‘ಹೇಗೆ’ ಹೊಸದು. ‘ಹ್ಯಾಂಗ’ ತಪ್ಪೆಂದು ಗದರಿದರೆ ಮಗು ಬಾಯಿ ಮುಚ್ಚುತ್ತದೆ; ಎರಡೂ ಒಂದೇ ಎಂದು ಹೇಳಿಕೊಟ್ಟರೆ ಕಲಿಯುತ್ತದೆ.

ಎರಡನೆಯದು, ಲಿಪಿಯ ಗೊಂದಲ. ಗ, ದ, ಬ, ರ ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ ಆಕಾರ. ಕ, ತ, ಶ ಬೇರೆ. ಕನ್ನಡ ವಹಿಯಲ್ಲಿ ತೆಲುಗು ‘ಕ’ ಬರೆದ ಮಗು ದಡ್ಡ ಅಲ್ಲ. ಬೇರೆಯಾಗುವ ಅಕ್ಷರಗಳನ್ನು ಅಕ್ಕಪಕ್ಕ ಬರೆಸಿ ಅಭ್ಯಾಸ ಮಾಡಿಸಿದರೆ ಗೊಂದಲ ಕಡಿಮೆಯಾಗುತ್ತದೆ.

ನೀವು ಮಾಡಬಹುದಾದದ್ದು

ಹೋದ ವರ್ಷದ ಕನ್ನಡ ಪುಸ್ತಕ ತೆರೆದು ನಾಲ್ಕು ಸಾಲು ಗಟ್ಟಿಯಾಗಿ ಓದಿಸಿ. ಮಗು ಎಲ್ಲಿ ತಡವರಿಸುತ್ತದೆ ನೋಡಿ: ಅಕ್ಷರದಲ್ಲೋ, ಕಾಗುಣಿತದಲ್ಲೋ, ಒತ್ತಕ್ಷರದಲ್ಲೋ? ಸರಾಗವಾಗಿ ಓದಿದರೆ, ಓದಿದ್ದನ್ನು ಮನೆಮಾತಿನಲ್ಲಿ ಹೇಳಲು ಬಿಡಿ. ಹೇಳಲಾಗದಿದ್ದರೆ ಅರ್ಥವಾಗಿಲ್ಲ ಎಂದು ತಿಳಿಯಿರಿ. ಒಂದೊಂದಕ್ಕೂ ಬೇರೆ ಅಭ್ಯಾಸ ಬೇಕು. ನಿಮಗೆ ಓದು ಬಾರದಿದ್ದರೆ ದೊಡ್ಡ ತರಗತಿಯ ಮಕ್ಕಳನ್ನು ಕೂಡಿಸಿಕೊಳ್ಳಿ.

ಕಂಡದ್ದನ್ನು ಗುರುಗಳಿಗೆ ತಿಳಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಪ್ರತಿ ಮಗುವಿನ ಕಲಿಕೆಯ ಮಟ್ಟ ಅಳೆದು ಬೇಕಾದಷ್ಟು ಹೆಚ್ಚುವರಿ ಪಾಠ ಕೊಡುವುದು, ಪಾಲಕರ ಸಭೆ ಕರೆದು ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ. ಮನೆಮಾತಿನಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯ ಬೆಂಬಲವಿದೆ.

‘ಓದು ಬರ್ತಿಲ್ಲ’ ಎಂದು ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸುವ ಯೋಚನೆ ಇದ್ದರೆ, ಮೊದಲು ಆ ನಾಲ್ಕು ಸಾಲು ಓದಿಸಿ ನೋಡಿ. ತಿಳಿದ ಭಾಷೆಯಲ್ಲೇ ಎಡವುವ ಮಗುವಿಗೆ ತಿಳಿಯದ ಭಾಷೆಯಲ್ಲಿ ಓದು ಸುಲಭವಾಗುವುದಿಲ್ಲ. ಮುಂದಿನ ಪಾಲಕರ ಸಭೆಯಲ್ಲಿ ‘ಎಷ್ಟು ಪಾಠ ಮುಗಿದವು?’ ಎಂಬುದರ ಜೊತೆಗೆ ‘ನನ್ನ ಮಗುವಿಗೆ ಈಗ ಏನು ಓದಲು ಬರುತ್ತದೆ?’ ಎಂದೂ ಕೇಳಿ.