ಅಧ್ಯಾಯ 4: ಬೀದಿಬದಿಯ ಆರ್ಥಿಕ ಸ್ವಾತಂತ್ರ್ಯ

1990ರಲ್ಲಿ ಜಗತ್ತಿನ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕಡುಬಡತನದಲ್ಲಿದ್ದರು. ಈಗ ಆ ಪ್ರಮಾಣ ಹತ್ತರಲ್ಲಿ ಒಬ್ಬರ ಆಸುಪಾಸಿಗೆ ಇಳಿದಿದೆ. ಚೀನಾ, ಭಾರತ, ವಿಯೆಟ್ನಾಂ ದೇಶಗಳು ಉದ್ಯಮದ ಮೇಲಿನ ಕಟ್ಟುಪಾಡು ಸಡಿಲಿಸಿದ್ದಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಹಾಗಾದರೆ ಬುಟ್ಟಿ ಹೊತ್ತು ತರಕಾರಿ ಮಾರುವ ಹೆಂಗಸಿಗೆ ಆರ್ಥಿಕ ಸ್ವಾತಂತ್ರ್ಯ ಯಾವ ರೂಪದಲ್ಲಿ ಸಿಗಬೇಕು? ಅಹಮದಾಬಾದಿನ ಹೆಣ್ಣುಮಕ್ಕಳು ಇದಕ್ಕೆ ಉತ್ತರ ಕಂಡುಕೊಂಡರು.

ಮಾಲೀಕರಿಲ್ಲದ ಕಾರ್ಮಿಕರು

ಅಹಮದಾಬಾದು ಬಟ್ಟೆ ಗಿರಣಿಗಳ ಊರಾಗಿತ್ತು. ಗಿರಣಿ ಕಾರ್ಮಿಕರಿಗೆ ಗಾಂಧೀಜಿ ಮತ್ತು ಅನಸೂಯಾ ಸಾರಾಭಾಯಿ ಅವರ ಮುಂದಾಳತ್ವದಲ್ಲಿ 1920ರಲ್ಲೇ ಮಜೂರ್ ಮಹಾಜನ ಸಂಘ ಹುಟ್ಟಿತ್ತು. ಬಟ್ಟೆಪೇಟೆಯಲ್ಲಿ ತಲೆಹೊರೆ ಹೊರುವ, ಬೀಡಿ ಕಟ್ಟುವ, ಹಳೆಬಟ್ಟೆ ಮಾರುವ ಹೆಂಗಸರಿಗೆ ಮಾತ್ರ ದಿಕ್ಕಿರಲಿಲ್ಲ. ಆ ಸಂಘದ ಮಹಿಳಾ ವಿಭಾಗ ನೋಡಿಕೊಳ್ಳುತ್ತಿದ್ದ ವಕೀಲೆ ಇಳಾ ಭಟ್ ಇವರನ್ನೆಲ್ಲ ಸೇರಿಸಿ ‘ಸೇವಾ’ ಎಂಬ ಸಂಘ ಕಟ್ಟಿದರು. ಮಾಲೀಕರೇ ಇಲ್ಲದವರಿಗೆ ಕಾರ್ಮಿಕ ಸಂಘ ಏಕೆ ಎಂದು ಕಾರ್ಮಿಕ ಇಲಾಖೆ ತಕರಾರು ತೆಗೆಯಿತು. ದುಡಿಯುವವರು ಒಗ್ಗೂಡುವುದೇ ಸಂಘದ ಉದ್ದೇಶ ಎಂದು ವಾದಿಸಿ, 1972ರಲ್ಲಿ ಅವರು ನೋಂದಣಿ ಪಡೆದರು.

ಹತ್ತು ರೂಪಾಯಿಯ ಪಾಲು

ಬೆಳಿಗ್ಗೆ ಸಾಲ ತಂದು ಸರಕು ಕೊಂಡರೆ, ಸಂಜೆ ಬಡ್ಡಿ ಸೇರಿಸಿ ತೀರಿಸಬೇಕಿತ್ತು. ದಿನದ ಸಂಪಾದನೆಯ ದೊಡ್ಡ ಭಾಗ ಅಲ್ಲಿಗೇ ಹೋಗುತ್ತಿತ್ತು. ಓದುಬರಹ ಬಾರದ ಈ ಹೆಂಗಸರನ್ನು ಬ್ಯಾಂಕುಗಳು ಹತ್ತಿರ ಬಿಟ್ಟುಕೊಳ್ಳಲಿಲ್ಲ. 1974ರಲ್ಲಿ ಸುಮಾರು 4,000 ಮಹಿಳೆಯರು ತಲಾ 10 ರೂಪಾಯಿಯ ಷೇರು ಹಾಕಿ ತಮ್ಮದೇ ಸಹಕಾರಿ ಬ್ಯಾಂಕ್ ತೆರೆದರು. ಸಹಿ ಬಾರದವರನ್ನು ಪಾಸ್‌ಬುಕ್ಕಿನ ಭಾವಚಿತ್ರದಿಂದ ಗುರುತಿಸುವ ಏರ್ಪಾಡಾಯಿತು. ದುಡಿದ ಹಣ ಅವರವರ ಹೆಸರಿನಲ್ಲೇ ಉಳಿಯತೊಡಗಿತು.

ಕೂರಲು ಜಾಗ

ಹಣವಿದ್ದರೂ ಮಾರಲು ಜಾಗ ಬೇಕು. ಅಹಮದಾಬಾದಿನ ಮಾಣೆಕ್ ಚೌಕದಲ್ಲಿ ತಲೆಮಾರುಗಳಿಂದ ತರಕಾರಿ ಮಾರುತ್ತಿದ್ದವರೂ ದಂಡ, ಲಂಚ, ಎತ್ತಂಗಡಿಗೆ ಹೆದರಿಯೇ ಬದುಕಬೇಕಿತ್ತು. 1980ರ ದಶಕದಲ್ಲಿ ‘ಸೇವಾ’ ಅವರ ಪರವಾಗಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1989ರಲ್ಲಿ, ದೆಹಲಿಯ ಸೋದನ್ ಸಿಂಗ್ ಪ್ರಕರಣದಲ್ಲಿ, ಬೀದಿಬದಿ ವ್ಯಾಪಾರವೂ ಸಂವಿಧಾನದ 19(1)(ಜಿ) ವಿಧಿಯ ರಕ್ಷಣೆಗೆ ಒಳಪಡುತ್ತದೆ, ಆದರೆ ಅದಕ್ಕೆ ಸೂಕ್ತ ನಿರ್ಬಂಧ ಹೇರಬಹುದು ಎಂದು ಅದೇ ನ್ಯಾಯಾಲಯ ಹೇಳಿತು. ಹೋರಾಟ ಮುಂದುವರಿದು 2014ರಲ್ಲಿ ರಾಷ್ಟ್ರಮಟ್ಟದ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂತು. ಅದರ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಅದರಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನ ವ್ಯಾಪಾರಿಗಳಿಗೇ ಮೀಸಲು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು.

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಾಡಗಿತ್ತಿಗೂ ಇದೇ ಕಾಯ್ದೆಯ ಆಸರೆ. ನಿಮ್ಮೂರಿನಲ್ಲಿ ಈ ಸಮಿತಿ ಇದೆಯೇ, ಸಮೀಕ್ಷೆ ನಡೆದಿದೆಯೇ ಎಂದು ಪುರಸಭೆಯಲ್ಲಿ ಕೇಳಿ. ಬಡವರ ದುಡಿಮೆಗೆ ಅಡ್ಡ ನಿಲ್ಲುವುದನ್ನು ತೆಗೆದುಹಾಕಿದರೆ, ಬಡತನದಿಂದ ಹೊರಬರುವ ದಾರಿಯನ್ನು ಅವರೇ ಕಂಡುಕೊಳ್ಳುತ್ತಾರೆ.