ಮಾನ್ಸೂನ್ ಏಷ್ಯಾದ ಪ್ರವಾಸಕಾಲ

ಮಾನ್ಸೂನ್ ಮಾರುತಗಳ ಪ್ರಭಾವಕ್ಕೆ ಒಳಪಟ್ಟ ದಕ್ಷಿಣ, ಆಗ್ನೇಯ ಮತ್ತು ಪೂರ್ವ ಏಷ್ಯಾದ ಪ್ರದೇಶಗಳನ್ನು ಒಟ್ಟಾಗಿ ಮಾನ್ಸೂನ್ ಏಷ್ಯಾ ಎನ್ನಲಾಗುತ್ತದೆ. ಈ ಪ್ರದೇಶಗಳಲ್ಲಿ ಸಂಚಾರಕ್ಕೆ ಅನುಕೂಲವಾದ ತಿಂಗಳುಗಳೇ ಅಲ್ಲಿನ ಪ್ರವಾಸಕಾಲ. ಇಡೀ ಏಷ್ಯಾಕ್ಕೆ ಅನ್ವಯಿಸುವ ಒಂದೇ ಪ್ರವಾಸಕಾಲ ಇಲ್ಲ. ಗಾಳಿ ಬೀಸುವ ದಿಕ್ಕು, ಬೆಟ್ಟಸಾಲಿನ ನೆಲೆ, ಸಮಭಾಜಕ ವೃತ್ತದಿಂದ ಇರುವ ದೂರ ಇವುಗಳಿಗೆ ಅನುಗುಣವಾಗಿ ಒಂದು ದೇಶದೊಳಗೇ, ಕೆಲವೊಮ್ಮೆ ಒಂದು ದ್ವೀಪದ ಎರಡು ದಡಗಳ ನಡುವೆಯೇ, ಋತುಗಳು ತಿರುವುಮುರುವಾಗುತ್ತವೆ. ಕಾಲದ ಆಯ್ಕೆ ತಪ್ಪಿದಾಗ ಪ್ರವಾಸದ ಸೊಗಸು ಕೆಡುವುದು ಮಾತ್ರವಲ್ಲ, ಪರ್ವತ ಮತ್ತು ಸಮುದ್ರ ಪ್ರದೇಶಗಳಲ್ಲಿ ಪ್ರಾಣಹಾನಿಯೂ ಸಂಭವಿಸಿದೆ.

ಹವಾಮಾನದ ಹಿನ್ನೆಲೆ

ಬೇಸಿಗೆಯಲ್ಲಿ ಏಷ್ಯಾದ ವಿಶಾಲ ಭೂಭಾಗವು ಸುತ್ತಲಿನ ಸಾಗರಕ್ಕಿಂತ ಬೇಗ ಕಾಯುತ್ತದೆ. ಕಾದ ನೆಲದ ಮೇಲೆ ವಾಯುಭಾರ ಕುಸಿಯುವುದರಿಂದ ಸಾಗರದ ತೇವಭರಿತ ಗಾಳಿಯು ನೆಲದತ್ತ ಹರಿದುಬರುತ್ತದೆ. ಇದು ನೈಋತ್ಯ ಮಾನ್ಸೂನ್, ಕನ್ನಡದಲ್ಲಿ ಮುಂಗಾರು. ಇದು ಸಾಮಾನ್ಯವಾಗಿ ಜೂನ್ 1ರ ವೇಳೆಗೆ ಕೇರಳವನ್ನು ತಲುಪುತ್ತದೆ. ಭಾರತದ ವಾರ್ಷಿಕ ಮಳೆಯ ಸುಮಾರು ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ.

ಚಳಿಗಾಲ ಸಮೀಪಿಸಿದಂತೆ ನೆಲವು ಸಾಗರಕ್ಕಿಂತ ಬೇಗ ತಣಿಯುತ್ತದೆ ಮತ್ತು ಗಾಳಿಯ ದಿಕ್ಕು ಹಿಂದುಮುಂದಾಗುತ್ತದೆ. ಇದು ಈಶಾನ್ಯ ಮಾನ್ಸೂನ್ ಅಥವಾ ಹಿಂಗಾರು. ನೆಲದ ಮೇಲಿಂದ ಬರುವ ಈ ಗಾಳಿ ಮೂಲತಃ ಒಣಗಾಳಿ. ಆದರೆ ಬಂಗಾಳ ಕೊಲ್ಲಿಯನ್ನೋ ದಕ್ಷಿಣ ಚೀನಾ ಸಮುದ್ರವನ್ನೋ ದಾಟುವಾಗ ಅದು ತೇವವನ್ನು ಹೀರಿಕೊಂಡು ಎದುರಿನ ಕರಾವಳಿಯಲ್ಲಿ ಮಳೆ ಸುರಿಸುತ್ತದೆ. ಚೆನ್ನೈ ನಗರಕ್ಕೆ ಹೆಚ್ಚಿನ ಮಳೆ ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿ ಬರುವುದು ಇದೇ ಕಾರಣದಿಂದ.

ತೇವಭರಿತ ಗಾಳಿಗೆ ಬೆಟ್ಟಸಾಲು ಎದುರಾದಾಗ ಗಾಳಿಗೆ ಮುಖಮಾಡಿದ ಪಾರ್ಶ್ವದಲ್ಲಿ ಭಾರೀ ಮಳೆಯಾಗಿ, ಹಿಂಬದಿಯ ಪಾರ್ಶ್ವವು ಮಳೆನೆರಳಿನ ಪ್ರದೇಶವಾಗಿ ಉಳಿಯುತ್ತದೆ. ಪಶ್ಚಿಮ ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ಘಟ್ಟದ ಪೂರ್ವಕ್ಕಿರುವ ಚಳ್ಳಕೆರೆಯಲ್ಲಿ ಅದರ ಹತ್ತನೆಯ ಒಂದು ಪಾಲೂ ಆಗುವುದಿಲ್ಲ. ಶ್ರೀಲಂಕಾ, ವಿಯೆಟ್ನಾಂ, ಹಿಮಾಲಯ ಎಲ್ಲೆಡೆಯೂ ಇದೇ ನಿಯಮ ಕೆಲಸ ಮಾಡುತ್ತದೆ.

ದಕ್ಷಿಣ ಏಷ್ಯಾ

ಶ್ರೀಲಂಕಾ ಮತ್ತು ಮಾಲ್ಡೀವ್ಸ್

ಎರಡು ಮಾನ್ಸೂನ್‌ಗಳ ವ್ಯತ್ಯಾಸಕ್ಕೆ ಶ್ರೀಲಂಕಾ ಅತ್ಯಂತ ಸ್ಪಷ್ಟವಾದ ಉದಾಹರಣೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾನ್ಸೂನ್ ಕೊಲಂಬೊ ಮತ್ತು ಗಾಲ್ ಇರುವ ಕರಾವಳಿಯನ್ನು ತೋಯಿಸುತ್ತದೆ. ಮಧ್ಯದ ಬೆಟ್ಟಗಳು ಆ ಗಾಳಿಯನ್ನು ತಡೆಯುವುದರಿಂದ ಪೂರ್ವ ಕರಾವಳಿಯ ಟ್ರಿಂಕೋಮಲಿಯಲ್ಲಿ ಅದೇ ವೇಳೆ ಬಿಸಿಲಿದ್ದು ಸಮುದ್ರ ಶಾಂತವಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈ ಚಿತ್ರ ತಲೆಕೆಳಗಾಗುತ್ತದೆ. ಆದುದರಿಂದ ನೈಋತ್ಯ ಕರಾವಳಿಗೆ ಡಿಸೆಂಬರ್–ಮಾರ್ಚ್, ಪೂರ್ವ ಕರಾವಳಿಗೆ ಮೇ–ಸೆಪ್ಟೆಂಬರ್ ಯೋಗ್ಯವಾದ ಕಾಲ.

ಅಲ್ಲಿನ ಬೇಸಾಯವೂ ಇದನ್ನೇ ಅನುಸರಿಸುತ್ತದೆ. ಈಶಾನ್ಯ ಮಾನ್ಸೂನಿನ ಭತ್ತದ ಬೆಳೆಗೆ ‘ಮಹಾ’ ಎಂದೂ ನೈಋತ್ಯ ಮಾನ್ಸೂನಿನ ಬೆಳೆಗೆ ‘ಯಲ’ ಎಂದೂ ಹೆಸರಿದೆ. ಶ್ರೀಪಾದ ಶಿಖರದ ಯಾತ್ರೆಯು ಡಿಸೆಂಬರ್ ಹುಣ್ಣಿಮೆಗೆ ಆರಂಭವಾಗಿ ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ, ಅಂದರೆ ನೈಋತ್ಯ ಮಳೆ ಹಿಡಿಯುವ ಹೊತ್ತಿಗೆ, ಮುಗಿಯುತ್ತದೆ. ಒಣಗಿದ ವಲಯದ ಮಿನ್ನೇರಿಯ ಕೆರೆಯ ಅಂಗಳದಲ್ಲಿ ನೂರಾರು ಆನೆಗಳು ಸೇರುವುದು ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ.

ಬೆಟ್ಟಗಳೇ ಇಲ್ಲದ ಮಾಲ್ಡೀವ್ಸ್‌ನಲ್ಲಿ ಇಂತಹ ಆಶ್ರಯವಿಲ್ಲ. ಅಲ್ಲಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣಹವೆ, ಉಳಿದ ಅವಧಿಯಲ್ಲಿ ಮಳೆ ಮತ್ತು ಗಾಳಿ ಹೆಚ್ಚು.

ಹಿಮಾಲಯ

ನೇಪಾಳದಲ್ಲಿ ಚಾರಣಕ್ಕೆ ಎರಡು ಕಾಲಗಳಿವೆ. ಮಳೆ ತೊಳೆದುಹೋದ ಆಕಾಶದಲ್ಲಿ ಶಿಖರಗಳು ನಿಚ್ಚಳವಾಗಿ ಕಾಣುವ ಅಕ್ಟೋಬರ್–ನವೆಂಬರ್ ಮೊದಲನೆಯದು. ಬೆಟ್ಟದ ಇಳಿಜಾರುಗಳಲ್ಲಿ ರೋಡೋಡೆಂಡ್ರಾನ್ ಅರಳುವ ಮಾರ್ಚ್–ಮೇ ಎರಡನೆಯದು. ಎವರೆಸ್ಟ್ ಆರೋಹಣಗಳಲ್ಲಿ ಹೆಚ್ಚಿನವು ನಡೆಯುವುದು ಮೇ ತಿಂಗಳಿನಲ್ಲಿ. ಶಿಖರದ ಮೇಲೆ ಪ್ರಬಲವಾಗಿ ಬೀಸುವ ಜೆಟ್ ವಾಯುಪ್ರವಾಹವು ಆಗ ಉತ್ತರಕ್ಕೆ ಸರಿಯುವುದರಿಂದ ಕೆಲವೇ ದಿನಗಳ ಶಾಂತ ಹವೆ ಲಭಿಸುತ್ತದೆ.

ಜೂನ್–ಸೆಪ್ಟೆಂಬರ್ ಅವಧಿಯಲ್ಲಿ ಹಿಮಾಲಯದ ದಕ್ಷಿಣದ ಇಳಿಜಾರುಗಳಲ್ಲಿ ಭೂಕುಸಿತ ಸಾಮಾನ್ಯ. ಅದೇ ಅವಧಿಯಲ್ಲಿ ಮಳೆನೆರಳಿನಲ್ಲಿರುವ ಲಡಾಖ್ ಮತ್ತು ನೇಪಾಳದ ಮುಸ್ತಾಂಗ್ ಪ್ರದೇಶಗಳು ಸಂಚಾರಕ್ಕೆ ತೆರೆದಿರುತ್ತವೆ. ಮಳೆನೆರಳು ಸಂಪೂರ್ಣ ರಕ್ಷೆಯಲ್ಲ: ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆಯಷ್ಟೇ ಬೀಳುವ ಲೇಹ್‌ನಲ್ಲಿ 2010ರ ಆಗಸ್ಟ್‌ನಲ್ಲಿ ಸಂಭವಿಸಿದ ಮೇಘಸ್ಫೋಟದಿಂದ ಇನ್ನೂರಕ್ಕೂ ಹೆಚ್ಚು ಜನರು ಸತ್ತರು.

ಆಗ್ನೇಯ ಏಷ್ಯಾ

ಥಾಯ್ಲೆಂಡ್ ಮತ್ತು ಮಲೇಷ್ಯಾಗಳಿಗೆ ಸೇರಿದ ಉದ್ದನೆಯ ಮಲಯ ಪರ್ಯಾಯ ದ್ವೀಪದಲ್ಲಿ ಶ್ರೀಲಂಕಾದ ಚಿತ್ರವೇ ಮರುಕಳಿಸುತ್ತದೆ. ಪಶ್ಚಿಮದ ಅಂಡಮಾನ್ ಸಮುದ್ರದ ಕಡೆಯ ಫುಕೆಟ್‌ನಲ್ಲಿ ಮೇ–ಅಕ್ಟೋಬರ್ ಮಳೆಗಾಲ. ಅಲ್ಲಿನ ಸಿಮಿಲನ್ ದ್ವೀಪಗಳ ರಾಷ್ಟ್ರೀಯ ಉದ್ಯಾನವನ್ನು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಲಾಗುತ್ತದೆ. ಪೂರ್ವದ ಥಾಯ್ಲೆಂಡ್ ಕೊಲ್ಲಿಯಲ್ಲಿರುವ ಸಮುಯಿ ದ್ವೀಪದಲ್ಲಿ ಹೆಚ್ಚಿನ ಮಳೆ ಅಕ್ಟೋಬರ್–ಡಿಸೆಂಬರ್‌ನಲ್ಲಿ. ಹಾಗೆಯೇ ಮಲೇಷ್ಯಾದ ಪೂರ್ವ ಕರಾವಳಿಯ ಪೆರ್ಹೆಂಟಿಯನ್ ದ್ವೀಪಗಳ ವಸತಿಗೃಹಗಳಲ್ಲಿ ಬಹುಪಾಲು ನವೆಂಬರ್‌ನಿಂದ ಫೆಬ್ರವರಿವರೆಗೆ ಮುಚ್ಚಿರುತ್ತವೆ. ಪಶ್ಚಿಮದ ಲಂಕಾವಿಯಲ್ಲಿ ಪ್ರವಾಸಿಗರ ದಟ್ಟಣೆ ಏರುವುದು ಆಗಲೇ.

ಉತ್ತರ ದಕ್ಷಿಣವಾಗಿ ಚಾಚಿಕೊಂಡಿರುವ ವಿಯೆಟ್ನಾಂ ಮೂರು ಬಗೆಯ ಹವಾಮಾನವನ್ನು ಹೊಂದಿದೆ. ದಕ್ಷಿಣದ ಹೋ ಚಿ ಮಿನ್ ನಗರದಲ್ಲಿ ಮೇ–ನವೆಂಬರ್ ಮಳೆಗಾಲ. ಉತ್ತರದ ಹನೋಯಿಯಲ್ಲಿ ಬೇಸಿಗೆ ಮಳೆಯಿಂದಲೂ ಚಳಿಗಾಲ ಮಂಜು ಮತ್ತು ಜಿಟಿಜಿಟಿ ಹನಿಯಿಂದಲೂ ಕೂಡಿರುತ್ತದೆ. ಮಧ್ಯಭಾಗದ ಹುಯೆ ಮತ್ತು ಹೊಯಿ ಆನ್ ಪಟ್ಟಣಗಳಲ್ಲಿ ಮಳೆ ತಡವಾಗಿ, ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಸುರಿಯುತ್ತದೆ. ಅಕ್ಟೋಬರ್–ನವೆಂಬರ್‌ನಲ್ಲಿ ಹೊಯಿ ಆನ್‌ನ ಹಳೆಯ ಬೀದಿಗಳು ನೆರೆಯಿಂದ ಜಲಾವೃತವಾಗುವುದುಂಟು. ಒಂದೇ ಪ್ರವಾಸದಲ್ಲಿ ಇಡೀ ದೇಶವನ್ನು ನೋಡಬಯಸುವವರಿಗೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ಅವಧಿ ಹೆಚ್ಚು ಹೊಂದಿಕೆಯಾಗುತ್ತದೆ.

ಸಮಭಾಜಕ ವೃತ್ತದ ದಕ್ಷಿಣಕ್ಕಿರುವ ಜಾವಾ ಮತ್ತು ಬಾಲಿಯಲ್ಲಿ ಋತುಕ್ರಮ ವಿರುದ್ಧವಾಗಿದೆ. ಭಾರತದಲ್ಲಿ ಮುಂಗಾರು ಸುರಿಯುವಾಗ ಅಲ್ಲಿ ಒಣಹವೆ. ನವೆಂಬರ್–ಮಾರ್ಚ್ ಅಲ್ಲಿಯ ಮಳೆಗಾಲ. ಸಮಭಾಜಕ ವೃತ್ತಕ್ಕೆ ತೀರ ಸಮೀಪದ ಸಿಂಗಾಪುರದಲ್ಲಿ ನಿಜವಾದ ಒಣಕಾಲವೆಂಬುದೇ ಇಲ್ಲ.

ಪೂರ್ವ ಏಷ್ಯಾ

ಜಪಾನಿನಲ್ಲಿ ಸಾಕುರಾ ಎನ್ನಲಾಗುವ ಚೆರ್ರಿ ಹೂಗಳು ಜನವರಿಯಲ್ಲಿ ದಕ್ಷಿಣದ ಓಕಿನಾವಾದಲ್ಲಿ ಅರಳತೊಡಗಿ, ಮಾರ್ಚ್ ಕೊನೆಗೆ ಟೋಕಿಯೊ ಮತ್ತು ಕ್ಯೋಟೊ ನಗರಗಳನ್ನು, ಏಪ್ರಿಲ್ ಕೊನೆಯ ಸುಮಾರಿಗೆ ಉತ್ತರದ ಹೊಕ್ಕೈಡೊವನ್ನು ತಲುಪುತ್ತವೆ. ಒಂದು ಊರಿನಲ್ಲಿ ಹೂವಿನ ಪೂರ್ಣವೈಭವ ಇರುವುದು ಸುಮಾರು ಒಂದು ವಾರ ಮಾತ್ರ. ಕ್ಯೋಟೊದಲ್ಲಿ ಹೂ ಅರಳಿದ ದಿನಾಂಕಗಳ ದಾಖಲೆ ಒಂಬತ್ತನೆಯ ಶತಮಾನದಷ್ಟು ಹಿಂದಿನಿಂದಲೂ ದೊರೆಯುತ್ತದೆ. 2021ರಲ್ಲಿ ಅಲ್ಲಿ ಮಾರ್ಚ್ 26ರಂದೇ ಹೂಗಳು ಪೂರ್ಣವಾಗಿ ಅರಳಿದವು. ಅದುವರೆಗಿನ ದಾಖಲೆಯಲ್ಲಿ ಅದು ಅತ್ಯಂತ ಮುಂಚಿನ ದಿನಾಂಕವಾಗಿತ್ತು. ಹವಾಮಾನ ಬದಲಾವಣೆಯಿಂದ ಹಳೆಯ ದಿನಾಂಕಗಳನ್ನು ನಂಬಿ ಪ್ರವಾಸ ನಿಗದಿಪಡಿಸುವುದು ಕಷ್ಟವಾಗಿದೆ ಎಂಬುದಕ್ಕೆ ಇದನ್ನು ನಿದರ್ಶನವಾಗಿ ನೀಡಲಾಗುತ್ತದೆ.

ಜೂನ್ ಆರಂಭದಿಂದ ಜುಲೈ ಮಧ್ಯದವರೆಗೆ ಜಪಾನಿನ ಬಹುಭಾಗದಲ್ಲಿ ‘ತ್ಸುಯು’ ಎಂಬ ಮಳೆಗಾಲವಿರುತ್ತದೆ. ಹೊಕ್ಕೈಡೊ ಇದರಿಂದ ಬಹುಮಟ್ಟಿಗೆ ಹೊರತಾಗಿದೆ. ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಟೈಫೂನ್‌ಗಳ ಹಾವಳಿ ಹೆಚ್ಚು. 2018ರ ಸೆಪ್ಟೆಂಬರ್ 4ರಂದು ಜೆಬಿ ಟೈಫೂನ್ ಒಸಾಕಾ ಸಮೀಪದ ಕನ್ಸಾಯ್ ವಿಮಾನ ನಿಲ್ದಾಣವನ್ನು ಜಲಾವೃತಗೊಳಿಸಿತು. ಗಾಳಿಗೆ ಸಿಕ್ಕ ಹಡಗೊಂದು ನಿಲ್ದಾಣದ ಸೇತುವೆಗೆ ಬಡಿದು ಸಾವಿರಾರು ಪ್ರಯಾಣಿಕರು ಅಲ್ಲಿಯೇ ಸಿಲುಕಿದರು. ಮೇಪಲ್ ಎಲೆಗಳು ಕೆಂಪಾಗುವ ನವೆಂಬರ್ ತಿಂಗಳು ಕ್ಯೋಟೊಗೆ ಪ್ರಶಸ್ತವಾದುದು.

ಮಳೆಯನ್ನೇ ಅರಸುವ ಪ್ರವಾಸ

ಮಳೆಗಾಲವು ಎಲ್ಲೆಡೆಯೂ ವರ್ಜ್ಯವಲ್ಲ. ಶರಾವತಿ ತುಂಬಿ ಹರಿಯುವಾಗಲೇ ಜೋಗ ಜಲಪಾತ ತನ್ನ ಪೂರ್ಣರೂಪದಲ್ಲಿ ಕಾಣುತ್ತದೆ. ಕಾಂಬೋಡಿಯಾದ ತೊನ್ಲೆ ಸಾಪ್ ನದಿಯು ಮಳೆಗಾಲದಲ್ಲಿ ಮೆಕಾಂಗ್ ನದಿಯ ಒತ್ತಡದಿಂದ ಹಿಮ್ಮುಖವಾಗಿ ಹರಿಯುತ್ತದೆ. ಆಗ ಸುಮಾರು 2,500 ಚದರ ಕಿಲೋಮೀಟರ್ ವಿಸ್ತಾರದ ಸರೋವರವು 15,000 ಚದರ ಕಿಲೋಮೀಟರ್‌ವರೆಗೂ ಹಿಗ್ಗುತ್ತದೆ. ಕಂಬಗಳ ಮೇಲೆ ಕಟ್ಟಿದ ಹಳ್ಳಿಗಳು ನೀರಿನ ನಡುವೆ ನಿಂತಿರುವ ದೃಶ್ಯವನ್ನು ಒಣಕಾಲದಲ್ಲಿ ಹೋದವರು ಕಾಣಲಾರರು.

ನೈಋತ್ಯ ಮಾನ್ಸೂನಿನ ಪಶ್ಚಿಮದ ಅಂಚು ಅರೇಬಿಯಾಕ್ಕೂ ತಾಗುತ್ತದೆ. ಒಮಾನಿನ ಸಲಾಲಾ ನಗರದ ಹಿಂದಿನ ಬೆಟ್ಟಗಳು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ‘ಖರೀಫ್’ ಎಂಬ ಮಂಜು ಮತ್ತು ಸೋನೆಯಲ್ಲಿ ಹಸಿರಾಗುತ್ತವೆ. ಕೊಲ್ಲಿ ರಾಷ್ಟ್ರಗಳ ಉಳಿದೆಡೆ ಬಿಸಿಲು ಸುಡುತ್ತಿರುವಾಗ ಅಲ್ಲಿನ ಜನ ಕುಟುಂಬಸಮೇತರಾಗಿ ಇಲ್ಲಿಗೆ ಬರುವುದು ಮಳೆಯಲ್ಲಿ ನೆನೆಯುವುದಕ್ಕಾಗಿಯೇ.

ಮಳೆಯ ಹೊರತಾದ ಅಡೆತಡೆಗಳು

ಒಣಕಾಲವೂ ಕೆಲವೆಡೆ ಅನುಕೂಲಕರವಲ್ಲ. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಸುತ್ತಮುತ್ತ ಫೆಬ್ರವರಿ–ಏಪ್ರಿಲ್‌ನಲ್ಲಿ ಹೊಲದ ಕೂಳೆ ಮತ್ತು ಕಾಡು ಉರಿಯುವುದರಿಂದ ದಟ್ಟ ಹೊಗೆ ಕವಿಯುತ್ತದೆ. ಇಂಡೋನೇಷ್ಯಾದ ಕಾಡುಬೆಂಕಿಯ ಹೊಗೆ ಎಲ್ ನಿನೊ ಪ್ರಭಾವವಿದ್ದ 1997 ಮತ್ತು 2015ರಲ್ಲಿ ಸಿಂಗಾಪುರ ಹಾಗೂ ಮಲೇಷ್ಯಾಗಳನ್ನು ವಾರಗಟ್ಟಲೆ ಆವರಿಸಿತ್ತು. ಉಸಿರಾಟದ ತೊಂದರೆ ಇರುವವರಿಗೆ ಇದು ಮಳೆಗಿಂತಲೂ ಹೆಚ್ಚು ಹಾನಿಕರ.

ಹಬ್ಬಗಳು ಮತ್ತು ರಜೆಗಳೂ ಗಣನೀಯ. ಚೀನಾದ ವಸಂತ ಹಬ್ಬ ಹಾಗೂ ಅಕ್ಟೋಬರ್ 1ರಿಂದ ಆರಂಭವಾಗುವ ರಾಷ್ಟ್ರೀಯ ರಜೆ, ಜಪಾನಿನಲ್ಲಿ ಏಪ್ರಿಲ್ ಕೊನೆ–ಮೇ ಆರಂಭದ ‘ಗೋಲ್ಡನ್ ವೀಕ್’ ದಿನಗಳಲ್ಲಿ ರೈಲು ಮತ್ತು ವಸತಿ ದೊರೆಯುವುದು ಕಷ್ಟ. ಶಕ ಗಣನೆಯಂತೆ ಹೊಸವರ್ಷವಾದ ‘ನ್ಯೇಪಿ’ಯಂದು ಬಾಲಿಯಲ್ಲಿ ಇಡೀ ದಿನ ಮೌನ ಆಚರಿಸಲಾಗುತ್ತದೆ. ಹೆಚ್ಚಾಗಿ ಮಾರ್ಚ್‌ನಲ್ಲಿ ಬರುವ ಆ ದಿನ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಪ್ರವಾಸಿಗರು ವಸತಿಗೃಹದಿಂದ ಹೊರಬರುವಂತಿಲ್ಲ.

ಪ್ರವಾಸಿಗರು ಬಲಿಯಾದ ದುರಂತಗಳು

2013ರ ಜೂನ್ 16–17ರಂದು ಉತ್ತರಾಖಂಡದಲ್ಲಿ ಭಾರೀ ಮಳೆ ಸುರಿದು, ಕೇದಾರನಾಥದ ಮೇಲ್ಭಾಗದ ಚೋರಾಬಾರಿ ಸರೋವರ ಒಡೆಯಿತು. ಮಾನ್ಸೂನ್ ಆ ವರ್ಷ ವಾಡಿಕೆಗಿಂತ ಮುಂಚಿತವಾಗಿ ಅಲ್ಲಿಗೆ ತಲುಪಿದ್ದರಿಂದ ಯಾತ್ರಿಕರ ದಟ್ಟಣೆ ಇನ್ನೂ ಕರಗಿರಲಿಲ್ಲ. ಸತ್ತವರು ಮತ್ತು ಕಾಣೆಯಾದವರ ಸಂಖ್ಯೆ 5,000ವನ್ನು ಮೀರಿತು.

2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಬಳಿ ನೆಲಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಉಳಿಕೆಯು ಎರಡು ದಿನಗಳ ಅನಂತರ ನೇಪಾಳದ ಅನ್ನಪೂರ್ಣಾ ಪ್ರದೇಶದಲ್ಲಿ ಹಿಮಪಾತವಾಗಿ ಸುರಿಯಿತು. ಚಾರಣಿಗರು, ಮಾರ್ಗದರ್ಶಿಗಳು ಮತ್ತು ಸ್ಥಳೀಯರು ಸೇರಿ ಕನಿಷ್ಠ 43 ಜನರು ಮಡಿದರು. ಅದು ಚಾರಣಕ್ಕೆ ವರ್ಷದಲ್ಲಿಯೇ ಅತ್ಯುತ್ತಮವೆನಿಸಿದ ತಿಂಗಳಾಗಿತ್ತು.

2018ರ ಜುಲೈ 5ರಂದು, ನೈಋತ್ಯ ಮಾನ್ಸೂನಿನ ನಡುವೆ, ಫುಕೆಟ್ ಬಳಿ ಪ್ರವಾಸಿ ದೋಣಿಯೊಂದು ಮುಳುಗಿ 47 ಚೀನೀ ಪ್ರವಾಸಿಗರು ಸತ್ತರು. ಸಮುದ್ರ ಪ್ರಕ್ಷುಬ್ಧವಾಗಿರುವುದೆಂಬ ಎಚ್ಚರಿಕೆ ಮೊದಲೇ ಹೊರಟಿತ್ತು. ಕರ್ನಾಟಕದ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳನ್ನು ಮಳೆಗಾಲದಲ್ಲಿ ನಿಲ್ಲಿಸುವುದು ಇಂತಹ ಅಪಾಯವನ್ನು ತಡೆಯುವುದಕ್ಕಾಗಿ.

ಮೊದಲನೆಯ ಘಟನೆಯಲ್ಲಿ ಋತು ಮುಂಚಿತವಾಗಿ ಬಂದಿತು. ಎರಡನೆಯದರಲ್ಲಿ ಒಳ್ಳೆಯ ಋತುವಿನ ನಡುವೆಯೇ ಬಿರುಗಾಳಿ ಬಂದಿತು. ಮೂರನೆಯದರಲ್ಲಿ ಋತುವೂ ಎಚ್ಚರಿಕೆಯೂ ಕಡೆಗಣಿಸಲ್ಪಟ್ಟವು. ತಿಂಗಳ ಆಯ್ಕೆಯು ಅಪಾಯದ ಸಂಭವವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಕಾಲದ ಆಯ್ಕೆ

ಪ್ರವಾಸದ ಕಾಲವನ್ನು ನಿರ್ಧರಿಸುವಾಗ ದೇಶದ ಹೆಸರಿಗಿಂತ ನಿರ್ದಿಷ್ಟ ಊರಿನ ತಿಂಗಳವಾರು ಮಳೆ ಮತ್ತು ಉಷ್ಣಾಂಶವನ್ನು ಪರಿಶೀಲಿಸುವುದು ಸೂಕ್ತ. ರಜೆಯ ದಿನಗಳು ಮೊದಲೇ ನಿಗದಿಯಾಗಿದ್ದರೆ, ಆ ದಿನಗಳಿಗೆ ಒಗ್ಗುವ ಸ್ಥಳವನ್ನು ಆರಿಸಿಕೊಳ್ಳಬಹುದು. ಕರ್ನಾಟಕದ ಶಾಲೆಗಳ ಬೇಸಿಗೆ ರಜೆಯು ಬಾಲಿಯ ಒಣಕಾಲದ ಆರಂಭಕ್ಕೂ ನೇಪಾಳದ ವಸಂತ ಚಾರಣಕ್ಕೂ ಹೊಂದುತ್ತದೆ. ದಸರಾ ರಜೆಯು ನೇಪಾಳದ ಶರತ್ಕಾಲಕ್ಕೆ ಸರಿಹೊಂದಿದರೂ ಅಲ್ಲಿ ಅದೇ ವೇಳೆ ದಶಾಯಿಂ ಹಬ್ಬವಿರುವುದರಿಂದ ಬಸ್ಸುಗಳಲ್ಲಿ ದಟ್ಟಣೆಯಿರುತ್ತದೆ, ಕಚೇರಿಗಳು ಮುಚ್ಚಿರುತ್ತವೆ.

ಎರಡು ಋತುಗಳ ಸಂಧಿಕಾಲದಲ್ಲಿ ಜನಸಂದಣಿ ಮತ್ತು ವಸತಿಯ ದರ ಕಡಿಮೆಯಾಗಿರುವುದು ವಾಡಿಕೆ. ಪರ್ವತ ಮತ್ತು ಸಮುದ್ರಯಾನಗಳಲ್ಲಿ ಒಂದೆರಡು ದಿನಗಳನ್ನು ಬಿಡುವಾಗಿ ಇಟ್ಟುಕೊಂಡರೆ ಹವೆ ಕೆಟ್ಟಾಗ ಕಾಯಲು ಅವಕಾಶವಿರುತ್ತದೆ. ಋತುವನ್ನು ತಿಂಗಳುಗಳ ಮುಂಚೆ ಆರಿಸಬಹುದಾದರೂ ಹೊರಡುವ ನಿರ್ಧಾರವನ್ನು ಆ ದಿನದ ಹವಾಮಾನ ಮುನ್ಸೂಚನೆಯನ್ನು ನೋಡಿಯೇ ಕೈಗೊಳ್ಳಬೇಕಾಗುತ್ತದೆ.

ಸಂಕ್ಷಿಪ್ತ ಪಟ್ಟಿ

ಶ್ರೀಲಂಕಾ, ನೈಋತ್ಯ ಕರಾವಳಿ: ಡಿಸೆಂಬರ್–ಮಾರ್ಚ್
ಶ್ರೀಲಂಕಾ, ಪೂರ್ವ ಕರಾವಳಿ: ಮೇ–ಸೆಪ್ಟೆಂಬರ್
ನೇಪಾಳ: ಅಕ್ಟೋಬರ್–ನವೆಂಬರ್, ಮಾರ್ಚ್–ಮೇ
ಲಡಾಖ್: ಜೂನ್–ಸೆಪ್ಟೆಂಬರ್
ಫುಕೆಟ್: ಡಿಸೆಂಬರ್–ಮಾರ್ಚ್
ಮಧ್ಯ ವಿಯೆಟ್ನಾಂ: ಫೆಬ್ರವರಿ–ಆಗಸ್ಟ್
ಬಾಲಿ ಮತ್ತು ಜಾವಾ: ಏಪ್ರಿಲ್–ಅಕ್ಟೋಬರ್
ಟೋಕಿಯೊ ಮತ್ತು ಕ್ಯೋಟೊ: ಮಾರ್ಚ್ ಕೊನೆ–ಏಪ್ರಿಲ್, ನವೆಂಬರ್
ಸಲಾಲಾ: ಜುಲೈ–ಸೆಪ್ಟೆಂಬರ್